ಕಪ್ಪು ಚೌಕಟ್ಟಿನ ಹೆಸರು

"ಫೋನ್ ಕೆಳಗಿಡಿ."

ಅಪರಿಚಿತನೊಬ್ಬನ ಅಂಗೈ ಲಾನ್‌ಶಿನ್‌ಳ ಮೊಬೈಲಿಗೆ ಅಡ್ಡ ಬಂದಿತ್ತು. ಇಡೀ ಅಂಗಡಿ ಅವಳತ್ತ ತಿರುಗಿತು. ಅವಳ ಕಿವಿ ಬಿಸಿಯಾಯಿತು.

"ಯಾಕೆ ಇಡ್ಬೇಕು? ಅಂಗಡಿ ನಮ್ದು, ಫೋನ್ ನಂದು."

"ಮುಖ ನಂದು," ಎಂದ ಅವನು. "ಅದರಲ್ಲಿ ನಾನು ಬಂದಿದೀನಿ. ಅಳಿಸಿಬಿಡಿ... ದಯವಿಟ್ಟು."

ಆ ಕೊನೆಯ ಮಾತು ಎಷ್ಟು ಮೆತ್ತಗಿತ್ತೆಂದರೆ, ಜಗಳಕ್ಕೆ ಸೊಂಟ ಕಟ್ಟಿದ್ದವಳ ಬೆರಳು ತಾನಾಗಿಯೇ ವಿಡಿಯೋ ಅಳಿಸಿತು.

"ಹೆಂಡ್ತಿಗೆ ಸುಳ್ಳು ಹೇಳಿ ಬಂದಿರ್ಬೇಕು, ಪಾಪ," ಎಂದು ಪಕ್ಕದ ಹಣ್ಣಿನಂಗಡಿಯ ಫಾಂಗ್ ಅತ್ತೆ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಜನ ನಕ್ಕರು. ಅವನು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಮೂಲೆಯ ಮೇಜಿನಲ್ಲಿ ಕುಳಿತ.

ಗಡಿಯಂಚಿನ ಮಾಂಗ್‌ಶಿ ಊರಿನ ಆ ಅಕ್ಕಿ ಶಾವಿಗೆ ಅಂಗಡಿ ಲಾನ್‌ಶಿನ್‌ಳ ಅಪ್ಪ ದುವಾನ್‌ನದು. ಮಧ್ಯಾಹ್ನವಾದರೆ ಅಲ್ಲಿ 'ಗಡಿಯ ಬೂದಿ' ಧಾರಾವಾಹಿಯ ಹಿಂದಿನ ರಾತ್ರಿಯ ಕಂತಿನ ಮರುಪ್ರಸಾರ. ಮಾದಕ ಪದಾರ್ಥ ಸಾಗಿಸುವವರ ಬೆನ್ನು ಹತ್ತುವ ಪೊಲೀಸರ ಕಥೆ. ತಮ್ಮದೇ ಗಡಿಯಲ್ಲಿ ಚಿತ್ರೀಕರಣವಾಗಿದೆ ಎಂದು ಊರಿಗೆ ಊರೇ ವರ್ಷವಿಡೀ ಕಾದಿತ್ತು. ಬಂದದ್ದು ನೋಡಿದರೆ... ಬೆಟ್ಟ ಅಗೆದು ಇಲಿ ಹಿಡಿದಂತೆ! ಲಾನ್‌ಶಿನ್‌ಗೆ ಅದು ಸ್ವಂತ ಅವಮಾನವೆನಿಸಿತ್ತು. ದಿನಕ್ಕೊಂದು ನಿಮಿಷದ ವಿಡಿಯೋ ಮಾಡಿ, 'ಶಾವಿಗೆ ಅಂಗಡಿಯ ತೀರ್ಪು' ಎಂದು ಹೆಸರಿಟ್ಟು ಧಾರಾವಾಹಿಯ ಚರ್ಮ ಸುಲಿಯುತ್ತಿದ್ದಳು. ಪ್ರತಿ ತೀರ್ಪಿಗೂ ಒಂದೇ ನಕ್ಷತ್ರ.

ಟಿವಿಯಲ್ಲಿ ನಾಯಕ ಕಳ್ಳನ ಹಿಂದೆ ಓಡುತ್ತಿದ್ದ.

"ಸುಡೋ ಬಿಸಿಲಲ್ಲಿ ಚರ್ಮದ ಕೋಟು ಹಾಕ್ಕೊಂಡು ಕಬ್ಬಿನ ಗದ್ದೇಲಿ ಓಡ್ತಿದಾನಲ್ಲಪ್ಪ ಇವ್ನು," ಎಂದು ಅವಳು ಗೊಣಗಿದಳು.

"ಓಡೋದಿರ್ಲಿ, ಸುಮ್ನೆ ನಿಂತ್ರೂ ಬೆಂದು ಹೋಗ್ತಾನೆ," ಎಂದಿತು ಮೂಲೆಯ ಮೇಜು.

ಲಾನ್‌ಶಿನ್ ತಡೆಯಲಾರದೆ ನಕ್ಕಳು. ಈಗತಾನೆ ಫೋನಿಗೆ ಅಡ್ಡ ಬಂದವನ ಮಾತಿಗೆ ನಕ್ಕೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಮರುದಿನವೂ ಅವನು ಬಂದ. ಅದರ ಮರುದಿನವೂ.

"ಹೆಸರು?" ಎಂದು ಬಟ್ಟಲು ಮುಂದಿಡುತ್ತಾ ಕೇಳಿದಳು.

ಅವನು ಒಂದು ಕ್ಷಣ ತಡೆದ. "ಕೌ ಜಿಂಗ್‌ಶಾನ್."

"ಕೆಲಸ?"

"ಧಾನ್ಯದ ಗೋದಾಮಿನಲ್ಲಿ."

ಗೋದಾಮಿನವನ ತೋಳಿನ ಮೇಲೆ ಒಂದು ಚೂರೂ ಹೊಟ್ಟಿನ ಧೂಳಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಆದರೆ ಆ ಕಣ್ಣುಗಳನ್ನು ನೋಡುತ್ತಾ ಧೂಳಿನ ಬಗ್ಗೆ ಎಷ್ಟು ಹೊತ್ತು ಯೋಚಿಸಲು ಸಾಧ್ಯ?

ಒಂಬತ್ತನೇ ಕಂತಿನಲ್ಲಿ ಒಂದು ದೃಶ್ಯ ಬಂತು. ವೇಷ ಮರೆಸಿಕೊಂಡ ಪೊಲೀಸನೊಬ್ಬ ಕಳ್ಳರ ಜೊತೆ ಸಂತೆಯಲ್ಲಿ ನಡೆಯುತ್ತಿದ್ದಾನೆ. ಎದುರಿಗೆ ಹೆತ್ತ ತಾಯಿ! ಅವಳ ಮುಖ ಅರಳುತ್ತದೆ. ಅವನು ಗುರುತೇ ಇಲ್ಲದವನಂತೆ ಪಕ್ಕಕ್ಕೆ ಸರಿದು ಹೋಗುತ್ತಾನೆ. ಗುರುತು ಹಿಡಿದಿದ್ದರೆ ಅವಳ ಜೀವಕ್ಕೇ ಸಂಚಕಾರ.

ಅಂಗಡಿಯಲ್ಲಿ ಯಾರೂ ಶಾವಿಗೆ ಎಳೆಯುವ ಸದ್ದು ಮಾಡಲಿಲ್ಲ. ಲಾನ್‌ಶಿನ್ ಅಪ್ಪನ ಅಡುಗೆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು, ಅಂದು ಮೊದಲ ಬಾರಿಗೆ ಎರಡು ನಕ್ಷತ್ರ ಕೊಟ್ಟಳು.

"ಅದೊಂದು ಯಾಕೆ ಇಷ್ಟ ಆಯ್ತು?" ಎಂದು ಜಿಂಗ್‌ಶಾನ್ ಕೇಳಿದ.

"ಅದನ್ನ ಯಾರೋ ಅನುಭವಿಸಿ ಬರ್ದಿದಾರೆ. ಬಾಕಿದೆಲ್ಲ ಆ ಕೋಟೇ ಬರ್ದಿರೋದು."

ಅವನು ತಲೆ ಬಗ್ಗಿಸಿ ತಿನ್ನತೊಡಗಿದ. ಬಹಳ ಹೊತ್ತು ತಲೆ ಎತ್ತಲಿಲ್ಲ.

ಕಂತುಗಳು ಕಳೆದವು. 'ಜಿಂಗ್‌ಶಾನ್, ಊಟಕ್ಕೆ ಬನ್ನಿ' ಎಂದು ಅವಳು ದಿನವೂ ಕರೆಯತೊಡಗಿದಳು. ಅವನು ಕೊತ್ತಂಬರಿ ಸೋಸಿಕೊಟ್ಟ. ಕೆಟ್ಟಿದ್ದ ಒಲೆ ಸರಿಮಾಡಿದ. ಅವಳಿಗೆ ಎಷ್ಟು ಖಾರ ಬೇಕೆಂಬುದನ್ನು ಅಪ್ಪನಿಗಿಂತ ಚೆನ್ನಾಗಿ ಕಲಿತ.

"ಈ ಧಾರಾವಾಹಿ ಮುಗಿದ್ಮೇಲೆ ಏನ್ ನೋಡೋಕೆ ಬರ್ತೀರಿ?" ಎಂದು ಒಂದು ಮಧ್ಯಾಹ್ನ ಕೆಣಕಿದಳು.

"ನಾನು ಟಿವಿ ನೋಡೋಕೆ ಬರ್ತಿದ್ದೆ ಅಂತ ನಿಮಗ್ಯಾರು ಹೇಳಿದ್ದು?"

ಲಾನ್‌ಶಿನ್ ಬಟ್ಟಲು ತೊಳೆಯಲು ಒಳಗೆ ಓಡಿದಳು. ತೊಳೆದಿದ್ದ ಬಟ್ಟಲುಗಳನ್ನೇ ಮತ್ತೆ ತೊಳೆದಳು.

ಅಪ್ಪನಿಗೆ ಎಲ್ಲ ಅರ್ಥವಾಗಿತ್ತು. "ಇಬ್ರೂ ಪಕ್ಕ ಪಕ್ಕ ನಿಂತ್ಕೊಳ್ಳಿ, ಒಂದು ಫೋಟೋ ತೆಗೀತೀನಿ. ನನ್ನ ತಂಗಿಗೆ ಕಳಿಸ್ಬೇಕು," ಎಂದ.

ಜಿಂಗ್‌ಶಾನ್ ತಟ್ಟನೆ ಹಿಂದೆ ಸರಿದ. "ಫೋಟೋ ಒಂದು ಬೇಡ, ಯಜಮಾನ್ರೇ."

ಫೋಟೋ ಬೇಡವೆನ್ನುವ ಗಂಡಸು... ಫಾಂಗ್ ಅತ್ತೆಯ ಹಳೆಯ ಮಾತು ಲಾನ್‌ಶಿನ್‌ಳ ಎದೆಗೆ ಮುಳ್ಳಿನಂತೆ ಚುಚ್ಚಿತು.

ಎರಡು ದಿನ ಬಿಟ್ಟು ಸಂತೆ. ಹಲಸಿನ ಗಾಡಿಯ ಪಕ್ಕ ಅವನು ಇಬ್ಬರು ಗಂಡಸರ ಜೊತೆ ನಿಂತಿದ್ದ. ಅನುಮಾನವೆಲ್ಲ ಮರೆತು ಅವಳ ಕಾಲು ಅತ್ತ ನಡೆಯಿತು. ತುಟಿಯಲ್ಲಿ ನಗು ಬಂದೇ ಬಿಟ್ಟಿತ್ತು.

ಅವನು ಅವಳನ್ನು ನೋಡಿದ. ಗೋಡೆಯನ್ನು ನೋಡುವಂತೆ ನೋಡಿದ.

"ಸ್ವಲ್ಪ ದಾರಿ ಬಿಡಕ್ಕ," ಎಂದು ಹೇಳಿ, ಅವಳ ಭುಜ ಸವರಿಕೊಂಡೇ ಹೊರಟುಹೋದ.

ಅಕ್ಕ! ಸಂತೆಯ ಗದ್ದಲದ ನಡುವೆ ಅವಳು ಖಾಲಿ ಚೀಲ ಹಿಡಿದು ನಿಂತೇ ಇದ್ದಳು.

ಮರುದಿನ ಅವನು ಬಂದಾಗ ಅವಳು ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

"ಮದುವೆ ಆಗಿದೆಯಾ ನಿಮಗೆ?"

"ಇಲ್ಲ."

"ಮತ್ತೆ ನಿನ್ನೆ ಸಂತೇಲಿ ಮಾಡಿದ್ದೇನು? ನಾಲ್ಕು ಜನರ ಮುಂದೆ ಗುರುತು ಹೇಳ್ಕೊಳ್ಳೋಕೂ ಆಗದಷ್ಟು ಕೀಳಾ ನಾನು?"

"ಹೇಳೋಕಾಗಲ್ಲ, ಲಾನ್‌ಶಿನ್."

"ಹಾಗಾದ್ರೆ ಇನ್ಮೇಲೆ ಇಲ್ಲಿಗೆ ಬರ್ಬೇಡಿ."

ಅವನು ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡಲಾಗಿ ಮಲಗಿಸಿಟ್ಟು ಎದ್ದು ಹೋದ. ಅಂದು ಇಪ್ಪತ್ತೊಂಬತ್ತನೇ ಕಂತು.

ಮೂವತ್ತು, ಮೂವತ್ತೊಂದು, ಮೂವತ್ತೆರಡು... ಮೂಲೆಯ ಮೇಜು ಖಾಲಿಯೇ ಉಳಿಯಿತು. 'ಬರಬೇಡ ಅಂದರೆ ಬರದೇ ಇರುವುದೇ?' ಎಂದು ಅವಳ ಮನಸ್ಸು ಅವಳನ್ನೇ ಕೇಳುತ್ತಿತ್ತು.

ಮೂವತ್ತಾರನೇ ಕಂತಿನಲ್ಲಿ ನಾಯಕ ಅದೇ ಕೋಟಿನಲ್ಲಿ ಗೆದ್ದ. ಜನ ಆಕಳಿಸುತ್ತಾ ಎದ್ದರು. ಲಾನ್‌ಶಿನ್ ಮಾತ್ರ ಎಂದಿನಂತೆ ಕೊನೆಯ ಹೆಸರುಗಳ ಪಟ್ಟಿಯವರೆಗೂ ಕುಳಿತಳು. ಇಷ್ಟು ಸಪ್ಪೆ ಅಡುಗೆ ಮಾಡಿದವರು ಯಾರೆಂದಾದರೂ ತಿಳಿಯಬೇಡವೇ?

ಹೆಸರುಗಳು ಮೇಲೇರಿದವು. ಹಿಂದಿನ ಯಾವ ಕಂತಿನಲ್ಲೂ ಇಲ್ಲದ 'ಪೊಲೀಸ್ ಸಲಹೆ' ಎಂಬ ಸಾಲು, ಅದರ ಕೆಳಗೆ ಒಂದೇ ಹೆಸರು.

ಕೌ ಜಿಂಗ್‌ಶಾನ್.

ಹೆಸರಿನ ಸುತ್ತ ಕಪ್ಪು ಚೌಕಟ್ಟು.

ಆ ಚೌಕಟ್ಟಿನ ಅರ್ಥ ಅಲ್ಲಿನ ಮಕ್ಕಳಿಗೂ ಗೊತ್ತು. ತೀರಿಕೊಂಡವರ ಹೆಸರಿಗಷ್ಟೇ ಅದನ್ನು ಹಾಕುತ್ತಾರೆ.

"ಅಪ್ಪಾ..." ಎಂದಳು.

ಒಂದೊಂದೇ ಅರ್ಥವಾಗುತ್ತಾ ಬಂತು. ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದುದು. ಫೋಟೋ ಬೇಡವೆಂದದ್ದು. ಮಾದಕ ದಂಧೆಯ ಬೆನ್ನು ಹತ್ತಿದ ಪೊಲೀಸರ ಮುಖ ಊರಿಗೆ ಕಾಣುವುದು ಅವರು ಸತ್ತ ಮೇಲೆಯೇ ಎಂದು ಅಪ್ಪ ಎಷ್ಟು ಸಲ ಹೇಳಿದ್ದ! ಮತ್ತೆ ಆ ಸಂತೆ... ಟಿವಿಯ ತಾಯಿಯನ್ನು ನೋಡಿ ಅತ್ತವಳು, ನಕ್ಷತ್ರ ಕೊಟ್ಟವಳು, ಅದೇ ದೃಶ್ಯ ತನ್ನ ಕಣ್ಣೆದುರು ನಡೆದಾಗ ಗುರುತಿಸಲಿಲ್ಲ. 'ನನ್ನ ಜೀವ ಉಳಿಸೋಕೆ ಅಕ್ಕ ಅಂದವನನ್ನ ನಾನೇ ಅಟ್ಟಿಬಿಟ್ಟೆ.'

ಅಂದು ತೀರ್ಪು ಬರಲಿಲ್ಲ. ಆ ಹೆಸರನ್ನು ಅವಳು ಹೊರಗೆ ಯಾರ ಮುಂದೆಯೂ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಒಂದು ಬಟ್ಟಲು ಶಾವಿಗೆ ಮಾಡಿ ಮೂಲೆಯ ಮೇಜಿಗೆ ಒಯ್ದಳು. ಕಡ್ಡಿಗಳನ್ನು ಬಟ್ಟಲಿನ ಮೇಲೆ ಮಲಗಿಸಿಟ್ಟಳು.

ಅಪ್ಪ ಹತ್ತಿರ ಬಂದ. "ಮಗಳೇ, ಹೋದವರಿಗೆ ಎಡೆ ಇಡೋದಾದ್ರೆ ಕಡ್ಡಿ ನೆಟ್ಟಗೆ ಚುಚ್ಚಿ ನಿಲ್ಲಿಸ್ಬೇಕು."

"ಗೊತ್ತಪ್ಪ."

"ಮತ್ತೆ?"

"ಮಲಗಿಸೇ ಇಡ್ತೀನಿ."

ನಾಲ್ಕು ದಿನ ಹಾಗೆಯೇ ನಡೆಯಿತು. ಮುಟ್ಟದ ಬಟ್ಟಲನ್ನು ದಿನಾ ಅವಳೇ ಒಳಗೊಯ್ದಳು.

ಐದನೇ ದಿನ ಒಲೆಯ ಮುಂದೆ ನಿಂತಿದ್ದವಳಿಗೆ ಹಿಂದಿನಿಂದ ಶಾವಿಗೆ ಎಳೆಯುವ ಸದ್ದು ಕೇಳಿಸಿತು. ಆ ಬಟ್ಟಲು ಮುಟ್ಟಿದವರು ಯಾರೆಂದು ಸಿಡುಕಿ ತಿರುಗಿದಳು.

ಮೂಲೆಯ ಮೇಜಿನಲ್ಲಿ ಅವನಿದ್ದ. ಎಡಗೈಗೆ ಪಟ್ಟಿ, ವಾರದ ಗಡ್ಡ. ಆರಿದ ಶಾವಿಗೆಯನ್ನು ಹಸಿದ ಮಗುವಿನಂತೆ ತಿನ್ನುತ್ತಿದ್ದ.

ಲಾನ್‌ಶಿನ್‌ಳ ಕೈಯಿಂದ ಸೌಟು ಜಾರಿತು. ಹೋಗಿ ಅವನ ಕೆನ್ನೆ ಮುಟ್ಟಿದಳು. ಬೆಚ್ಚಗಿತ್ತು. ಮರುಕ್ಷಣ ಅದೇ ಕೈಯಿಂದ ಅವನ ಭುಜಕ್ಕೆ ಗುದ್ದಿದಳು.

"ಸತ್ತಿದೀಯ ಅಂತ... ನಾನು ಇಲ್ಲಿ ದಿನಾ..."

ಅದುವರೆಗೆ 'ನೀವು' ಎನ್ನುತ್ತಿದ್ದವಳ ಬಾಯಲ್ಲಿ 'ನೀನು' ಬಂದದ್ದು ಅವಳಿಗೇ ತಿಳಿಯಲಿಲ್ಲ.

"ಕೊನೇ ಹೆಸರಿನವರೆಗೂ ಕೂತು ನೋಡೋಳು ಈ ಊರಲ್ಲಿ ನೀನೊಬ್ಳೇ," ಎಂದ ಅವನು. "ಗೊತ್ತಿತ್ತು. ಆದ್ರೆ ಹಿಡಿದ ಕೆಲಸ ಬಿಟ್ಟು ಬರೋ ಹಾಗಿರ್ಲಿಲ್ಲ. ನೆನ್ನೆ, ಸಂತೇಲಿ ನನ್ನ ಜೊತೆ ಇದ್ದೋರೂ ಸೇರಿ ಆ ದಂಧೆಯೋರೆಲ್ಲ ಸಿಕ್ಕಿಬಿದ್ರು. ಸೀದಾ ಇಲ್ಲಿಗೇ ಬಂದೆ."

"ಆ ಹೆಸರು?"

ಅವನು ಕಡ್ಡಿ ಕೆಳಗಿಟ್ಟ. "ನನ್ನ ಗೆಳೆಯಂದು. ನಾಲ್ಕು ವರ್ಷ ಆಯ್ತು ಹೋಗಿ. ಧಾರಾವಾಹಿಯೋರು ಸಲಹೆ ಕೇಳೋಕೆ ನನ್ನ ಹತ್ರ ಬಂದಿದ್ರು. ಕೋಟು ತೆಗೀರಿ ಅಂತ ಮೂರು ಸಲ ಹೇಳ್ದೆ, ಕೇಳ್ಲಿಲ್ಲ. ಈ ಕೆಲಸದಲ್ಲಿ ಬದುಕಿರೋರ ಹೆಸರು ಹಾಕೋ ಹಾಗಿಲ್ವಲ್ಲ, ಅವನ ಹೆಸರು ಕೊಟ್ಟೆ. ಸಂತೇಲಿ ತಾಯಿನ ದಾಟ್ಕೊಂಡು ಹೋದೋನು ಅವನೇ. ಅದೊಂದನ್ನ ಮಾತ್ರ ಅವರು ಕೆಡಿಸ್ಲಿಲ್ಲ."

"ನನಗ್ಯಾಕೆ ಅವನ ಹೆಸರು ಹೇಳ್ದೆ?"

"ನೀನು ಕೇಳ್ದಾಗ ಬಾಯಿಗೆ ಬಂದಿದ್ದು ಅದೇ. ಆಮೇಲೆ... ನೀನು ದಿನಾ 'ಜಿಂಗ್‌ಶಾನ್, ಊಟಕ್ಕೆ ಬನ್ನಿ' ಅಂತ ಕರೀತಿದ್ಯಲ್ಲ. ಅವನನ್ನ ಹಾಗೆ ಕರೆಯೋರು ಈಗ ಯಾರೂ ಇಲ್ಲ. ಅವ್ರಮ್ಮನೂ ಹೋದ್ರು. ತಿದ್ದೋಕೆ ಮನಸ್ಸು ಬರ್ಲಿಲ್ಲ."

ಲಾನ್‌ಶಿನ್ ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

"ಈಗ ಆ ದಂಧೆಯೋರಿಗೆಲ್ಲ ನನ್ನ ಮುಖ ಗುರುತಾಗಿದೆ," ಎಂದ ಅವನು. "ಇನ್ನು ಈ ಕೆಲಸಕ್ಕೆ ಆಗಲ್ಲ. ಕುನ್‌ಮಿಂಗ್‌ನಲ್ಲಿ ಹೊಸಬರಿಗೆ ಪಾಠ ಹೇಳೋಕೆ ಹಾಕಿದಾರೆ. ಮದುವೆ ಆಲ್ಬಂ ಅಂತೆಲ್ಲ ಆಸೆ ಇದ್ರೆ ನಾನು ಕೊಡೋಕಾಗಲ್ಲ. ಆದ್ರೆ ಮದುವೆ ಪತ್ರಕ್ಕೆ ಕೆಂಪು ಪರದೆ ಮುಂದೆ ಇಬ್ರೂ ಕೂತು ಒಂದು ಫೋಟೋ ತೆಗೆಸ್ಬೇಕಲ್ಲ... ಅದೊಂದಕ್ಕೆ ಬರ್ತೀನಿ. ನೀನು ಒಪ್ಪಿದ್ರೆ."

"ಯಾರ ಜೊತೆ ಕೂರ್ತಿದೀನಿ ಅಂತ ಮೊದ್ಲು ಹೇಳು. ನಿನ್ನ ಹೆಸರು?"

"ಪು ಯಿಚುವಾನ್," ಎಂದ. ಬಹಳ ದಿನದಿಂದ ಬಳಸದ ವಸ್ತುವನ್ನು ಎತ್ತಿಕೊಟ್ಟಂತೆ, ಮೆಲ್ಲಗೆ.

ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಎರಡು ಬಿಸಿ ಬಟ್ಟಲು ಹಿಡಿದು ಬಂದಳು. ಒಂದನ್ನು ಮೇಜಿನ ಆಚೆ ಬದಿಗಿಟ್ಟು, ಈ ಸಲ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿದಳು. ಒಲೆಯ ಬಳಿ ಅಪ್ಪ ಟೋಪಿ ತೆಗೆದ.

"ಜಿಂಗ್‌ಶಾನ್, ಊಟಕ್ಕೆ ಬನ್ನಿ," ಎಂದಳು.

ಯಿಚುವಾನ್ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಅವನ ಮುಂದೆ ಇನ್ನೊಂದು ಬಟ್ಟಲಿಟ್ಟು, ಅವಳು ಅವನಿಗೆ ಅಂಟಿಕೊಂಡೇ ಕುಳಿತಳು.

"ನೀನೂ ತಿನ್ನು, ಯಿಚುವಾನ್. ಆರಿಹೋಗತ್ತೆ."

"ಇನ್ನೊಂದ್ಸಲ ಕರಿ."

"ಯಿಚುವಾನ್."