ಎರಡು ಜೀಪಿನ ವೈರು

೧೯೫೮ನೇ ಇಸವಿ ನವೆಂಬರ್ ೧೨, ಬುಧವಾರ. ಬೆಳಿಗ್ಗೆ ಹತ್ತೂಕಾಲಿಗೆ ಸೊರಬ ಠಾಣೆಗೆ ದೂರು ಬಂತು. ದೂರುದಾರ ಭತ್ತದ ವ್ಯಾಪಾರಿ ಗುರುಮಲ್ಲಪ್ಪ, ಊರಿನ ಅಮೆರಿಕ ಸ್ನೇಹ ಸಂಘದ ಅಧ್ಯಕ್ಷ. ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಭಾಷಣಕ್ಕೆ ನಿಲ್ಲಿಸಿದ್ದ ಸಂಘದ ಜೀಪಿನಿಂದ ಯಾರೋ ಮೈಕಿನ ವೈರು ಕತ್ತರಿಸಿಕೊಂಡು ಹೋಗಿದ್ದರು.

“ಹುಲಿಯಪ್ಪಂದೇ ಕೆಲಸ ಕಣ್ರೀ. ರಷ್ಯಾನ ಹೊಗಳೋಕೆ ಅವನೂ ಅಲ್ಲೇ ಜೀಪು ನಿಲ್ಲಿಸಿದ್ದ.”

ಕಳವಿನ ಎಫ್‌ಐಆರ್ ದಾಖಲಾಯಿತು. ಶಿಕಾರಿಪುರದಿಂದ ಇನ್ಸ್‌ಪೆಕ್ಟರ್ ಮಹೇಶ್ವರಪ್ಪ ಬರುವಷ್ಟರಲ್ಲಿ ಮೇಲಿನಿಂದ ಫೋನೂ ಬಂದಿತ್ತು: ಕೇರಳದಲ್ಲಿ ಕಮ್ಯುನಿಸ್ಟರ ಸರ್ಕಾರವೇ ಬಂದಿದೆ, ಇಲ್ಲಿ ಚಿಗುರಬಾರದು, ಹುಲಿಯಪ್ಪನನ್ನು ಒಳಗೆ ಹಾಕಿ.

ಗೇಣಿದಾರರ ಮುಖಂಡ ಹುಲಿಯಪ್ಪನನ್ನು ಕರೆತಂದರು.

“ನಿನ್ನೆ ಸಂಜೆ ಎಲ್ಲಿದ್ದೆ?”

“ಭಾಷಣ ಮುಗಿಸಿ ಕಾಫಿಗೆ ಹೋಗಿದ್ದೆ. ಬರೋದ್ರೊಳಗೆ ನಮ್ಮ ವೈರೂ ಹೋಗಿತ್ತು ಸ್ವಾಮಿ.”

“ದೂರು ಯಾಕೆ ಕೊಡಲಿಲ್ಲ?”

“ನಮ್ಮ ದೂರು ಯಾರು ಬರ್ಕೊಳ್ತಾರೆ?”

ಮಹೇಶ್ವರಪ್ಪ ಎರಡೂ ಜೀಪುಗಳನ್ನು ಪರಿಶೀಲಿಸಿದರು. ಹುಲಿಯಪ್ಪ ಹೇಳಿದ್ದು ನಿಜ. ಉಳಿದ ತುಂಡುಗಳ ತುದಿಯನ್ನು ಎರಡರಲ್ಲೂ ಒಂದೇ ರೀತಿ ಕತ್ತರಿಸಲಾಗಿತ್ತು. ಕಾನ್‌ಸ್ಟೇಬಲ್ ಉಜ್ಜಪ್ಪ ಬಗ್ಗಿ ನೋಡಿ, “ಚಾಕು ಅಲ್ಲ ಸ್ವಾಮಿ, ದರ್ಜಿ ಕತ್ತರಿ” ಎಂದ.

ಬಸ್ ಸ್ಟ್ಯಾಂಡಿನ ಸುತ್ತ ಮೂರು ಹೊಲಿಗೆ ಅಂಗಡಿ. ಮೂರನೆಯದು ಸೈನಿಕನ ವಿಧವೆ ನೀಲಾಂಬಿಕಳದು. ಅವಳ ಕತ್ತರಿಯ ಅಲಗಿನಲ್ಲಿ ಎರಡು ಹೊಸ ಕಚ್ಚು ಬಿದ್ದಿದ್ದವು. ಮೆಷಿನ್ನಿನ ಡ್ರಾಯರಿನಲ್ಲಿ ಎರಡು ಸುರುಳಿ ವೈರು ಸಿಕ್ಕಿತು, ಒಂದು ಕಪ್ಪು, ಒಂದು ಕೆಂಪು. ಪಂಚರ ಸಮಕ್ಷಮ ಪಂಚನಾಮೆ ಆಯಿತು.

“ಯಾರು ಹೇಳಿಕೊಟ್ಟರಮ್ಮ?”

“ಯಾರೂ ಇಲ್ಲ.”

ಮಹೇಶ್ವರಪ್ಪ ದನಿ ತಗ್ಗಿಸಿದರು. “ಹುಲಿಯಪ್ಪ ಹೇಳಿದ ಅಂದರೆ ನಿನ್ನನ್ನು ಸಾಕ್ಷಿ ಮಾಡಬಹುದು. ಇವತ್ತೇ ಮನೆಗೆ ಹೋಗುತ್ತೀಯ.”

“ಕತ್ತರಿ ನಂದು, ಕೈ ನಂದು. ಅವನ ಹೆಸರು ಯಾಕ್ರೀ ಹೇಳ್ಲಿ? ಎರಡೂ ಕಡೇದೂ ಕತ್ತರಿಸೀನಿ ಅಂತ ಬರೀರಿ. ಮತ್ತೆ ಬಂದ್ರೆ ಮತ್ತೆ ಕತ್ತರಿಸ್ತೀನಿ, ಅದನ್ನೂ ಬರೀರಿ.”

ಅವರು ಅವಳು ಹೇಳಿದಷ್ಟನ್ನೇ ಬರೆದುಕೊಂಡರು. ಠಾಣೆಗೆ ಮತ್ತೆ ಫೋನು ಬಂದಾಗ, “ಆರೋಪಿ ಒಬ್ಬಳೇ ಸಾರ್. ಹುಲಿಯಪ್ಪನ ಮೇಲೆ ಏನೂ ಸಾಕ್ಷ್ಯವಿಲ್ಲ, ಬಿಟ್ಟಿದ್ದೇನೆ” ಎಂದು ಫೋನು ಇಟ್ಟುಬಿಟ್ಟರು.

ಸಂಜೆ ನಾಲ್ಕೂವರೆಗೆ ನೀಲಾಂಬಿಕಳ ದಸ್ತಗಿರಿಯಾಯಿತು. ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಗುರುಮಲ್ಲಪ್ಪನ ಎದುರಿನಿಂದಲೇ, ತಲೆಯೆತ್ತಿ ನಡೆದಳು.

ಅವಳ ಗಂಡ ಸದಾಶಿವಪ್ಪ ನಲವತ್ತನಾಲ್ಕರಲ್ಲಿ ಬರ್ಮಾದಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದ. ಬಾಂಬು ಬಿತ್ತು, ಹೆಣವೂ ಸಿಗಲಿಲ್ಲ. ಯಾರ ಬಾಂಬು ಎಂದು ಮನೆಗೆ ಬಂದ ತಂತಿಯಲ್ಲಿ ಬರೆದಿರಲಿಲ್ಲ. ಮಂಗಳವಾರ ಸಂಜೆ ಒಂದು ಜೀಪಿನವರು ತಮ್ಮ ಕಡೆಯ ಒಂದೇ ಬಾಂಬಿಗೆ ಎಷ್ಟು ಪಟ್ಟಣ ಬೂದಿಯಾಗುತ್ತವೆ ಎಂದು ಹೇಳಿದ್ದರು. ಜನ ಚಪ್ಪಾಳೆ ತಟ್ಟಿದರು. ಇನ್ನೊಂದು ಜೀಪಿನವರು ತಮ್ಮ ಕಡೆಯದಕ್ಕೆ ಅದರ ಎರಡರಷ್ಟು ಎಂದರು. ಅದಕ್ಕೂ ಚಪ್ಪಾಳೆ ಬಿದ್ದಾಗ ನೀಲಾಂಬಿಕ ಹೊಲಿಯುತ್ತಿದ್ದ ರವಿಕೆಯನ್ನು ಪಕ್ಕಕ್ಕಿಟ್ಟು ಎದ್ದಿದ್ದಳು.