ಬಣ್ಣದಯ್ಯನ ಪರದೆ ಹರಿದ ಅಂಬಿಗಿತ್ತಿ

ಬಹಳ ಬಹಳ ಹಿಂದೆ, ಹುಲಿಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಸಿರಿವಳಲು ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಬಣ್ಣದಯ್ಯ ಎಂಬ ಮಾಂತ್ರಿಕನ ಮನೆ. ಮನೆಯ ಮುಂದೆ ಅವನು ದೊಡ್ಡದೊಂದು ಬಿಳಿ ಪರದೆ ಕಟ್ಟಿದ್ದ. ದಿನಾ ಸಂಜೆ ಊರಿಗೆ ಊರೇ ಪರದೆಯ ಎದುರು ಬಂದು ಕೂರುತ್ತಿತ್ತು. ಹಿಂದೆ ದೀಪವಿಟ್ಟು ಬಣ್ಣದಯ್ಯ ತೊಗಲುಗೊಂಬೆ ಆಡಿಸುತ್ತಿದ್ದ. ಅವನ ಗೊಂಬೆಗಳು ನಿಜವಾಗಿ ನಗುತ್ತಿದ್ದವು, ನಿಜವಾಗಿ ಅಳುತ್ತಿದ್ದವು. ಅಷ್ಟು ಚೆಂದದ ಆಟ ಬೇರೆಲ್ಲೂ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಆಟ ಯಾವುದೇ ಇರಲಿ, ಪಾತ್ರಗಳು ಮಾತ್ರ ಬದಲಾಗುತ್ತಿರಲಿಲ್ಲ. ಬೆಳ್ಳಗಿದ್ದವನು ರಾಜ, ಕಪ್ಪಗಿದ್ದವನು ಕಳ್ಳ. ಮೈಮುರಿದು ದುಡಿಯುವವನು ದಡ್ಡ. ಹೆಣ್ಣಾದವಳು ಕಿಟಕಿಯಲ್ಲಿ ನಿಂತು ಅಳಬೇಕು, ಹುಲಿ ಗರ್ಜಿಸಿದರೆ ಮೂರ್ಛೆ ಬೀಳಬೇಕು. ಜನ ವರ್ಷಗಟ್ಟಲೆ ಇದನ್ನೇ ನೋಡಿದರು. ನೋಡುತ್ತ ನೋಡುತ್ತ, ಕಪ್ಪು ಮೈಯವರು ಸಂತೆಗೆ ಬಂದರೆ ಅಂಗಡಿಯವರು ಸಾಮಾನು ಒಳಗಿಡತೊಡಗಿದರು. ಕುಂಬಾರ ಬುದ್ಧಿಮಾತು ಹೇಳಿದರೆ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ಮರ ಹತ್ತುವ ಹುಡುಗಿಯರನ್ನು ಕೆಳಗಿಳಿಸಿ ಕಿಟಕಿಯ ಪಕ್ಕ ಕೂರಿಸಿದರು. ಹೀಗೆ ಮಾಡಿ ಎಂದು ಯಾರೂ ಡಂಗುರ ಹೊಡೆದಿರಲಿಲ್ಲ.

ಹೊಳೆಯ ದಂಡೆಯಲ್ಲಿ ಚಿಗರಿ ಎಂಬ ಅಂಬಿಗಿತ್ತಿ ಇದ್ದಳು. ಅವಳೂ ಅವಳ ಅಣ್ಣ ಬೈರನೂ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು. ಇಬ್ಬರದೂ ಎಣ್ಣೆಗಪ್ಪು ಬಣ್ಣ. ಒಂದು ದಿನ ರಾಣಿ ಹೊಳೆ ದಾಟಿ ಅರಮನೆಗೆ ಹೋದಳು. ಹೋಗಿ ನೋಡಿಕೊಂಡರೆ ಮೂಗಿನಲ್ಲಿ ಮೂಗುತಿ ಇಲ್ಲ. ಕಾವಲಿನವರು ಬಂದು ಬೈರನ ಮುಖ ನೋಡಿದರು, ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೆಡೆಮುರಿ ಕಟ್ಟಿ ಬಣ್ಣದಯ್ಯನಿಗೆ ಒಪ್ಪಿಸಿದರು. ಕಳ್ಳರನ್ನು ತಿದ್ದುವುದು ತನ್ನ ಹೊಣೆ ಎಂದು ಅವನು ಎಂದೋ ರಾಜನಿಂದ ಅಪ್ಪಣೆ ಪಡೆದಿದ್ದ.

ಆ ಸಂಜೆ ಅಣ್ಣನ ಸುದ್ದಿ ಸಿಕ್ಕೀತೆಂದು ಚಿಗರಿಯೂ ಪರದೆಯ ಎದುರು ಕೂತಳು. ಆಟದಲ್ಲಿ ಹೊಸ ಕಳ್ಳ ಬಂದ. ಊರೆಲ್ಲ "ಥೂ ಕಳ್ಳ" ಎಂದಿತು. ವರ್ಷಗಳ ರೂಢಿ ನೋಡಿ, ಚಿಗರಿಯ ಬಾಯಿಂದಲೂ "ಥೂ ಕಳ್ಳ" ಎಂದು ಬಂದೇಬಿಟ್ಟಿತು. ಆಮೇಲೆ ಕಣ್ಣಿಟ್ಟು ನೋಡಿದಳು. ಕಳ್ಳನ ಹುಬ್ಬಿನ ಮೇಲೆ ಹರಿಗೋಲಿನ ಹುಟ್ಟು ತಾಗಿದ ಗಾಯದ ಕಲೆಯಿತ್ತು. ಅದು ಬೈರನ ಕಲೆ.

ಎರಡನೆಯ ಸಂಜೆ ಆ ಗೊಂಬೆ "ತಂಗೀ" ಎಂದು ಕೂಗಿತು. ಜನ ಇನ್ನಷ್ಟು ಜೋರಾಗಿ "ಥೂ" ಎಂದರು. "ಅಂವ ನಮ್ಮಣ್ಣ, ಕಳ್ಳ ಅಲ್ಲ" ಎಂದು ಚಿಗರಿ ಎದ್ದು ನಿಂತಳು.

"ಕೂಡವ್ವಾ ಕೆಳಗ, ನಮಗ ಆಟ ಕಾಣವಲ್ದು" ಎಂದರು ಹಿಂದಿನವರು.

ಮೂರನೆಯ ದಿನ ಚಿಗರಿ ಹುಟ್ಟನ್ನು ಹೆಗಲಿಗೇರಿಸಿ, ಗುಡ್ಡದ ಹಿಂಬದಿಯಿಂದ ಹತ್ತತೊಡಗಿದಳು. ಮೊದಲ ತಿರುವಿನಲ್ಲಿ ಬಣ್ಣದಯ್ಯನ ಹುಲಿ ಎದುರಾಯಿತು. ಗುಡ್ಡ ನಡುಗುವಂತೆ ಗರ್ಜಿಸಿ, ಕಾದು ನಿಂತಿತು.

"ಬೀಳು ಮತ್ತ" ಎಂದಿತು ಹುಲಿ.

"ಯಾಕ ಬೀಳಲಿ?"

"ನೀ ಹೆಣ್ಣಲ್ಲೇನು? ನಾ ಗರ್ಜಿಸಿದ ಮ್ಯಾಲೆ ಹೆಣ್ಣಾದಾಕಿ ಮೂರ್ಛೆ ಬೀಳಬೇಕು. ಆಟದಾಗ ದಿನಾ ಬೀಳ್ತಾರ."

"ತುಂಬಿದ ಹೊಳಿಯಾಗ ಹುಟ್ಟು ಹಾಕೋ ಕೈ ಇದು. ಮೂರ್ಛೆ ಬೀಳಾಕ ನನಗ ಪುರುಸೊತ್ತಿಲ್ಲ" ಎಂದು ಚಿಗರಿ ಹುಲಿಯ ಮೂಗಿಗೆ ಹುಟ್ಟಿನಿಂದ ಒಂದು ಬಿಟ್ಟಳು.

ಹುಲಿ ಕುಕ್ಕರಿಸಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಪಾಪ. ಮೂಗು ನೆಕ್ಕಿಕೊಳ್ಳುತ್ತ ಗುಟ್ಟೆಲ್ಲ ಬಿಟ್ಟುಕೊಟ್ಟಿತು. "ಅವು ಗೊಂಬಿ ಅಲ್ಲ, ಮನುಷ್ಯಾರು. ಮೂರು ಸಂಜಿ ಊರೆಲ್ಲ ಕೂಡಿ ಥೂ ಅಂದ್ರ ಮನುಷ್ಯಾ ತೊಗಲಾಗ್ತಾನ. ನಿಮ್ಮಣ್ಣ ಈಗಾಗಲೇ ಎದಿಮಟ ತೊಗಲಾಗ್ಯಾನ. ಇವತ್ತು ಕಡೀ ಸಂಜಿ."

ಚಿಗರಿ ಓಡಿದಳು. ಎರಡನೆಯ ತಿರುವಿನಲ್ಲಿ ಚಿನ್ನದ ಕೋಡಿನ ಹೋರಿ ದಾರಿಗೆ ಅಡ್ಡ ಮಲಗಿತ್ತು, ಅದರ ಪಕ್ಕ ಒಂದು ಖಾಲಿ ಬಿದಿರುಬುಟ್ಟಿ.

"ಯಾರ ಮಗಳು ನೀನು?" ಎಂದಿತು.

"ಅಂಬಿಗರ ಮಗಳು."

"ದುಡಿಯೋ ಮಂದಿಗೆ ತಲಿಯೊಳಗ ಏನೂ ಇರೂದಿಲ್ಲಂತ ದಿನಾ ಆಟದಾಗ ಕೇಳ್ತೀನಿ. ಅದು ಸುಳ್ಳಾಗಿದ್ರ, ಆ ಬಿದಿರಬುಟ್ಟಿಯೊಳಗ ನನಗ ಕುಡಿಯಾಕ ನೀರು ತಾ."

ಚಿಗರಿಗೆ ನಗು ಬಂತು. ಹರಿಗೋಲು ಎಂದರೆ ಇನ್ನೇನು? ದೊಡ್ಡದೊಂದು ಬಿದಿರುಬುಟ್ಟಿ, ಅದಕ್ಕೆ ಬಿಗಿದ ಚರ್ಮ. ತೂತಿಗೆ ತೇಪೆ ಹಾಕಲು ಅಂಬಿಗರು ಸದಾ ಸೊಂಟದಲ್ಲಿ ಒಂದು ತುಂಡು ಚರ್ಮ ಸಿಕ್ಕಿಸಿಕೊಂಡೇ ಹೊರಡುವವರು. ಅದನ್ನು ಬಿಚ್ಚಿ ಬುಟ್ಟಿಯೊಳಗೆ ಹಾಸಿದಳು, ಅಂಚು ಮಡಚಿ ಬಿಗಿದಳು, ಒರತೆಯ ನೀರು ತುಂಬಿ ತಂದಿಟ್ಟಳು. ಹೋರಿ ಕೊನೆಯ ಹನಿಯವರೆಗೂ ಕುಡಿದು, ಎದ್ದು ದಾರಿ ಬಿಟ್ಟಿತು.

ಮೂರನೆಯದು ಮನೆಯ ಹಿಂಬಾಗಿಲು. ಅದು ಕನ್ನಡಿಯ ಬಾಗಿಲು. ಚಿಗರಿ ನೋಡಿದರೆ ಅದರೊಳಗೆ ಕೋರೆಹಲ್ಲಿನ, ಕೆಂಗಣ್ಣಿನ ಕರಿ ರಕ್ಕಸಿ ನಿಂತಿದ್ದಳು. "ಇದೇ ನೀನು" ಎಂದಿತು ಬಾಗಿಲು. ಹುಲಿಗೆ ಹೆದರದವಳು ಇಲ್ಲಿ ಮುಖ ಮುಚ್ಚಿಕೊಂಡಳು. ಎಷ್ಟು ವರ್ಷ ಅವಳು ಕದ್ದು ಕದ್ದು ಮುಖಕ್ಕೆ ಕಡಲೆಹಿಟ್ಟು ತಿಕ್ಕಿರಲಿಲ್ಲ! ಈ ರಕ್ಕಸಿ ಎಂದಾದರೂ ಕಂಡೇಬಿಡುತ್ತಾಳೆಂಬ ಅಂಜಿಕೆ ಅವಳ ಒಳಗೇ ಇತ್ತು. ಚಿಗರಿ ಅತ್ತಳು. ಅಳುತ್ತಲೇ ಮತ್ತೆ ನೋಡಿದಳು. ಆ ಹಣೆ, ಆ ಅಗಲ ಮೂಗು, ಆ ಬಣ್ಣ, ಎಲ್ಲ ತೀರಿಹೋದ ಅವ್ವನದು.

"ಇದು ನಮ್ಮವ್ವನ ಮಾರಿ" ಎಂದಳು ಗಟ್ಟಿಯಾಗಿ. "ಹಲ್ಲು ನೀ ಹಚ್ಚಿದ್ದು. ತಗೀ."

ಕನ್ನಡಿ ನಡುವೆ ಸೀಳಿ ಬಾಗಿಲು ತೆರೆಯಿತು.

ಒಳಗೆ ಸಂಜೆಯ ಆಟ ಶುರುವಾಗಿತ್ತು. ದೀಪದ ಮುಂದೆ ಬೈರನನ್ನು ಕೋಲಿಗೆ ಕಟ್ಟಲಾಗಿತ್ತು. ಎದೆಯವರೆಗೆ ತೊಗಲು, ಮುಖ ಮಾತ್ರ ಜೀವಂತ. ಪರದೆಯ ಆಚೆ ಜನ ಉಸಿರೆಳೆದು "ಥೂ" ಎನ್ನಲು ಬಾಯಿ ತೆರೆದಿದ್ದರು.

"ಬಂದೀ ಏನು? ಬಾ" ಎಂದು ನಕ್ಕ ಬಣ್ಣದಯ್ಯ. "ನಾ ಯಾರಿಗೂ ಏನೂ ಮಾಡಿಲ್ಲ. ಥೂ ಅನ್ನೋರು ಅವರು. ಒಬ್ಬಾಕಿ ಅಷ್ಟು ಬಾಯಿ ಹೆಂಗ ಮುಚ್ಚತಿ?"

ಚಿಗರಿ ಸೊಂಟದ ಮೀನುಗತ್ತಿ ತೆಗೆದು ಪರದೆಯನ್ನು ಮೇಲಿಂದ ಕೆಳಗಿನವರೆಗೆ ಸೀಳಿದಳು.

ನೆರಳು ಹೋಯಿತು, ಬೈರ ಕಂಡ. ಜನರ ಬಾಯಿ ತೆರೆದೇ ಉಳಿಯಿತು.

"ನೋಡ್ರಿ ಇಂವನ್ನ" ಎಂದಳು ಚಿಗರಿ. "ಮೊದಲನೇ ಸಂಜಿ ನಾನೂ ಥೂ ಅಂದೆ. ಒಡಹುಟ್ಟಿದಾಕಿ ಅಂದೆ. ಇಂವ ದಾಟಿಸದವರು ನಿಮ್ಮೊಳಗ ಯಾರದಾರ?"

ಸಂತೆಯ ಅಂಗಡಿಯ ಸಿದ್ದಜ್ಜಿ ಕೋಲೂರಿ ಎದ್ದಳು. "ನೆರಿ ಬಂದಾಗ ನನ್ನ ಸೊಸಿನ ಸೂಲಗಿತ್ತಿ ಮನಿಗೆ ದಾಟಿಸಿದಂವ ಇಂವ. ನಾನೂ ಇಂವನಿಗೆ ಎರಡು ಸಂಜಿ ಥೂ ಅಂದೆ" ಎಂದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ರಾಣಿ ತಲೆ ತಗ್ಗಿಸಿದಳು. "ಮೂಗುತಿ ಮರುದಿನವೇ ದಿಂಬಿನ ಕೆಳಗೆ ಸಿಕ್ಕಿತು. ಕಳ್ಳ ಸಿಕ್ಕಾಗಿತ್ತಲ್ಲ, ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಪ್ಪು ನನ್ನದು."

ಆ ಸಂಜೆ ಯಾರೂ "ಥೂ" ಎನ್ನಲಿಲ್ಲ. ಬೈರನ ಎದೆಗೆ ಉಸಿರು ಬಂತು, ಕೈಗೆ ಬಿಸಿ ಬಂತು, ಕಾಲು ನೆಲಕ್ಕೂರಿತು. ಗೋಡೆಗೆ ನೇತುಹಾಕಿದ್ದ ಗೊಂಬೆಗಳೆಲ್ಲ ಒಂದೊಂದಾಗಿ ಧೊಪ್ಪನೆ ಇಳಿದವು. ಕಳ್ಳರು, ದಡ್ಡರು, ಅಳುವ ಹೆಂಗಸರು ಎಂದು ಜನ ನಕ್ಕಿದ್ದವರೆಲ್ಲ ಎಂದೋ ಕಾಣೆಯಾದ ಅವರವರ ಮನೆಯವರೇ. ಅಂಗಳದ ತುಂಬ ತಬ್ಬಿಕೊಂಡು ಅಳುವವರೂ ನಗುವವರೂ. ಬಣ್ಣದಯ್ಯ "ಇಲ್ಲಿ ನೋಡ್ರಿ, ಇಲ್ಲಿ ನೋಡ್ರಿ" ಎಂದು ಕೂಗಿದ. ಒಬ್ಬರೂ ನೋಡಲಿಲ್ಲ. ನೋಡುವವರಿಲ್ಲದೆ ಅವನು ತೆಳ್ಳಗಾದ, ಇನ್ನೂ ತೆಳ್ಳಗಾದ, ದೀಪದ ಹೊಗೆಯೊಂದಿಗೆ ಹೊರಟೇಹೋದ.

ಆಟವಿಲ್ಲದೆ ಜನ ಇದ್ದಾರೆಯೇ? ವಾರ ಕಳೆಯುವುದರೊಳಗೆ ಚಿಗರಿ, ಬೈರ, ಬಿಡುಗಡೆಯಾದವರೆಲ್ಲ ಸೇರಿ ಹೊಳೆದಂಡೆಯಲ್ಲಿ ಹೊಸ ಆಟ ಹೂಡಿದರು. ಒಂದು ಸಂಜೆ ರಾಜನಾದವನು ಮರುಸಂಜೆ ಕಳ್ಳನಾದ, ಕುಂಬಾರ ಮಂತ್ರಿಯಾದ, ಹೆಣ್ಣೊಬ್ಬಳು ರಾಜ್ಯ ಗೆದ್ದಳು, ಇನ್ನೊಬ್ಬಳು ಕಳೆದುಕೊಂಡಳು. "ಕಳ್ಳ ಯಾರಂತ ನಾ ಮೊದಲೇ ಹೇಳ್ತೀನಿ" ಎಂದು ಸಿದ್ದಜ್ಜಿ ಐದು ಸಂಜೆ ಪಂಥ ಕಟ್ಟಿ ಐದೂ ಸೋತಳು. ಆರನೆಯ ಸಂಜೆ ಎಲ್ಲರಿಗಿಂತ ಮೊದಲು ಬಂದು ಕೂತಳು. ಸಿರಿವಳಲಿನ ಜನ ಆಮೇಲೆ ನೂರು ಕಾಲ ಸುಖವಾಗಿ ಬಾಳಿದರು, ಮುಖ ನೋಡಿ ಕತೆ ಹೇಳಲು ಮಾತ್ರ ಅಲ್ಲಿ ಮತ್ತೆ ಯಾರಿಗೂ ಬರಲಿಲ್ಲ.