ಆಚೆ ದಡಕ್ಕೆ ಹೋದ ಚರ್ಚು

ಈ ದ್ವೀಪದವರಲ್ಲಿ ರಗ್ನಿಯನ್ನು ಮೊದಲು ಗದರಿದವನು ಐಲಿಫ್. ಅವಳು ಇನ್ನೂ ದ್ವೀಪಕ್ಕೆ ಕಾಲಿಟ್ಟಿರಲಿಲ್ಲ, ಫೆರಿಯ ಮೇಲಿದ್ದಳು.

ಕಾರುಗಳನ್ನು ಒಂದಕ್ಕೊಂದು ಒತ್ತಾಗಿ ನಿಲ್ಲಿಸುವುದು ಅವನ ಕೆಲಸ. ಕಿತ್ತಳೆ ಜಾಕೆಟ್ಟಿನ ತೋಳೆತ್ತಿ ಬಾ ಬಾ ಎಂದು ಕರೆಯುತ್ತಾನೆ, ಅಂಗೈ ತೋರಿದರೆ ನಿಲ್ಲಬೇಕು. ಅವಳ ಹಳೆಯ ಕೆಂಪು ಕಾರು ಅವನು ಅಂಗೈ ತೋರುವ ಮೊದಲೇ, ಮುಂದಿನ ಮೀನಿನ ಲಾರಿಯಿಂದ ಒಂದು ಮಾರು ಹಿಂದೆ ನಿಂತುಬಿಟ್ಟಿತು.

“ಇನ್ನೊಂಚೂರು ಮುಂದೆ.”

“ಆಗಲ್ಲ. ಹಿಂದುಗಡೆ ಗಾಜಿದೆ. ಬ್ರೇಕ್ ಒತ್ತಿದ್ರೆ ಜಾರುತ್ತೆ.”

“ಏನ್ ಗಾಜು?”

“ಮೇಜು. ಗಾಜಿನ ಮೇಜು.”

“ನಮ್ಮೂರಲ್ಲಿ ಮೇಜಿಲ್ಲ ಅಂತ ಯಾರಾದ್ರೂ ಹೇಳಿದ್ರಾ ನಿನಗೆ?”

ಅವಳು ನಗಲಿಲ್ಲ. ಕಿಟಕಿಯ ಗಾಜನ್ನು ಮೇಲೇರಿಸಿದಳು. ಏರಿಸುತ್ತಾ ಕೆಳತುಟಿಯ ಒಂದು ತುದಿಯನ್ನು ಒಳಗೆ ಕಚ್ಚಿಕೊಂಡಳು. ತಡೆದದ್ದು ನಗುವೋ ಬೈಗುಳವೋ ಎಂದು ದ್ವೀಪ ಮುಟ್ಟುವವರೆಗೂ ಅವನು ಯೋಚಿಸಿದ.

ಆ ಮೇಜು ಬಂದದ್ದು ತನ್ನ ಮನೆಯ ಸಾಮಾನಿಗಾಗಿಯೇ ಎಂದು ಅವನಿಗೆ ಮರುದಿನ ತಿಳಿಯಿತು. ಅವನ ಅಜ್ಜನ ತಂಗಿ ಓಲೆಟ್ಟಾ ಮದುವೆಯಾಗಲಿಲ್ಲ, ದನ ಸಾಕಲಿಲ್ಲ, ಬದುಕಿಡೀ ಊರಿನವರ ಫೋಟೋ ತೆಗೆದಳು. ಗಾಜಿನ ನೆಗೆಟಿವ್‌ಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ದೋಣಿಮನೆಯ ಅಟ್ಟದ ಮೇಲಿಟ್ಟು ತೀರಿಕೊಂಡಳು. ಅವು ಐಲಿಫ್‌ಗೆ ಬಂದವು. ಊರಿನ ಇತಿಹಾಸ ಸಂಘದವರು ಕೇಳಿದಾಗ, ಜಾಲತಾಣದಲ್ಲಿ ಹಾಕಿ, ಎಲ್ಲರೂ ನೋಡಲಿ ಎಂದು ಅವನು ಒಪ್ಪಿದ್ದ. ಜಿಲ್ಲಾ ವಸ್ತುಸಂಗ್ರಹಾಲಯ ಆ ಕೆಲಸಕ್ಕೆ ಕಳಿಸಿದ್ದು ರಗ್ನಿಯನ್ನು.

ಪ್ರಾರ್ಥನಾ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಮೇಜು ಹೂಡಿದಳು. ಗಾಜಿನ ಅಡಿಯಲ್ಲಿ ದೀಪ, ಮೇಲೆ ಕ್ಯಾಮೆರಾ. ಐಲಿಫ್ ಮೊದಲ ಮೂರು ಪೆಟ್ಟಿಗೆಗಳನ್ನು ತಂದಿಟ್ಟು, ಹೋಗಬೇಕಾದವನು ಹೋಗದೆ ನಿಂತ. ಅವಳು ಒಂದು ನೆಗೆಟಿವ್ ಪ್ಲೇಟನ್ನು ಅಂಚುಗಳಲ್ಲಷ್ಟೇ ಹಿಡಿದು, ಹಸುಗೂಸಿನ ಬೆನ್ನಿಗೆ ಗಾಳಿ ಹಾಕುವಂತೆ ಮೆತ್ತಗಿನ ಬ್ರಷ್ಷಿನಿಂದ ಧೂಳು ತೆಗೆದು, ಬೆಳಕಿನ ಮೇಲೆ ಮಲಗಿಸಿದಳು. ಬೆಳಕು ಕೆಳಗಿನಿಂದ ಅವಳ ಗಲ್ಲಕ್ಕೆ ಬಿತ್ತು.

“ನೋಡು, ಪ್ಲೇಟಿಗೆ ಎರಡು ಮುಖ. ಒಂದು ಹೊಳೆಯುತ್ತೆ, ಒಂದು ಮಂಕು. ಮಂಕಾದ್ದು ಕ್ಯಾಮೆರಾ ಕಡೆ ಇರ್ಬೇಕು. ಆಗ ಚಿತ್ರ ಎಡ ಬಲ ಅದಲು ಬದಲಾಗಿ ಬರುತ್ತೆ, ಆಮೇಲೆ ಕಂಪ್ಯೂಟರಲ್ಲಿ ತಿರುಗಿಸ್ಬೇಕು. ಮರೆತ್ರೆ ನಿಮ್ಮೂರೆಲ್ಲ ಎಡಚರೇ.”

“ಮರೀತೀಯಾ?”

“ನಾನಾ?” ಎಂದು ಅವಳು ಕತ್ತೆತ್ತಿ ನೋಡಿದಳು. ಆ ನೋಟ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು. ತಿರಸ್ಕಾರವೇ ಇರಬೇಕು, ಆದರೆ ಬೆಚ್ಚಗಿತ್ತು.

“ಎಲ್ಲ ಮುಗಿದ ಮೇಲೆ?”

“ಜೂನಿನ ಸಂತ ಹಾನ್ಸ್ ಹಬ್ಬದ ಹೊತ್ತಿಗೆ ಜಾಲತಾಣ ತೆರೀತೀವಿ. ಆಮೇಲೆ ಉತ್ತರದ ಕಡೆ ಇನ್ನೊಂದು ದ್ವೀಪ, ಇನ್ನೊಂದಿಷ್ಟು ಪೆಟ್ಟಿಗೆ. ಪೆಟ್ಟಿಗೆ ಬೇಗ ಮುಗಿದ್ರೆ ಬೇಗ ಹೊರಡ್ತೀನಿ.”

ಅವನು ಮನೆಗೆ ಹೋದ. ಉಳಿದ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ ಆಗಲೇ ಅಡುಗೆಮನೆಗೆ ತಂದಾಗಿತ್ತು; ಒಲೆಯ ಪಕ್ಕ ಒಣಗಲೆಂದು. ನಿಂತು ನೋಡಿದ. ಆಮೇಲೆ ಒಂದೊಂದಾಗಿ ಬೆಂಚಿನ ಕೆಳಗೆ ತಳ್ಳಿ, ಮುಂದೆ ತನ್ನ ಬೂಟುಗಳನ್ನಿಟ್ಟ.

ಅಲ್ಲಿಂದ ಮುಂದೆ ಅವನು ಒಂದು ಸುಳ್ಳಿನ ಹೊಟ್ಟೆ ಹೊರೆಯತೊಡಗಿದ. “ಇನ್ನೊಂದು ಸಿಕ್ತು,” ಎನ್ನುತ್ತ ಬರುವನು. “ಬಲೆ ಕೆಳಗಿತ್ತು.” ಮತ್ತೊಮ್ಮೆ, “ದೋಣಿಯ ಹುಟ್ಟಿನ ಹಿಂದೆ ಬಿದ್ದಿತ್ತು.” ಪ್ರತಿ ಸಲವೂ ಅವಳು “ದೊಡ್ಡದೇ ನಿನ್ನ ದೋಣಿಮನೆ,” ಎಂದು ಪೆಟ್ಟಿಗೆ ತೆಗೆದುಕೊಳ್ಳುವಳು. ಹಾಗೆ ತೆಗೆದುಕೊಳ್ಳುವಾಗ ಇಬ್ಬರ ಬೆರಳುಗಳೂ ಪೆಟ್ಟಿಗೆಯ ಅಡಿಯಲ್ಲಿ ಒಂದಾಗುವುದು ಅನಿವಾರ್ಯವಾಗಿತ್ತು. ಗಾಜು ತಾನೇ, ಬೇಗ ಕೈ ಬಿಡಲಾಗದು.

ಗುರುವಾರ ಬೆಳಿಗ್ಗೆ ಹೆಸರು ಹೇಳುವ ಕಾರ್ಯಕ್ರಮ. ಆ ವಾರದ ಚಿತ್ರಗಳನ್ನು ರಗ್ನಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಡುತ್ತಾಳೆ. ಮುದುಕರು ಕಾಫಿ ಕುಡಿಯುತ್ತ, ವಾಫಲ್ ಮೇಲೆ ಕಂದು ಚೀಸ್ ಇಟ್ಟು ತಿನ್ನುತ್ತ, ಯಾರು ಯಾರೆಂದು ಹೇಳುತ್ತಾರೆ. ಹೆಸರಿಲ್ಲದ ಮುಖವನ್ನು ಜಾಲತಾಣದಲ್ಲಿ ಹುಡುಕುವವರಾರು?

“ಅದು ಎಂಬ್ರಿಕ್,” ಎನ್ನುವಳು ಬೋರ್ಗಿಲ್ಡ್. ಊರಿನ ಹಳೆಯ ಸೂಲಗಿತ್ತಿ. ಅರ್ಧ ಊರನ್ನು ಅವಳೇ ಈ ಲೋಕಕ್ಕೆ ಎಳೆದು ತಂದವಳು.

“ಅಲ್ಲ ಮಾರಾಯ್ತಿ, ಅದು ಎಂಬ್ರಿಕ್‌ನ ಕುರಿ. ಎಂಬ್ರಿಕ್ ಹಿಂದೆ ನಿಂತಿದ್ದಾನೆ,” ಎನ್ನುವನು ಪೇಡರ್.

“ನನ್ನ ಕನ್ನಡಕ ಎಲ್ಲಿ?”

“ನಿನ್ನ ವಾಫಲ್ ಕೆಳಗೆ.”

ಪೇಡರ್ ನಕ್ಕು ನಗಿಸುತ್ತಿದ್ದರೂ ಅವನ ಕಣ್ಣು ಗೋಡೆ ಬಿಡುತ್ತಿರಲಿಲ್ಲ. ಅವನ ತಮ್ಮ ಹಾಲ್ವರ್ ಚಿಕ್ಕ ವಯಸ್ಸಿನಲ್ಲೇ ಕಡಲಿನಲ್ಲಿ ಮುಳುಗಿದವನು. ಇದ್ದ ಒಂದೇ ಚಿತ್ರವನ್ನು ಅವರ ಅಮ್ಮ ತನ್ನ ಶವಪೆಟ್ಟಿಗೆಯಲ್ಲಿ ಇಡಿಸಿಕೊಂಡು ಹೋದಳು. ಆದರೆ ಓಲೆಟ್ಟಾ ಒಮ್ಮೆ ಅವನನ್ನು ಅಕಾರ್ಡಿಯನ್ ವಾದ್ಯದ ಸಮೇತ ದೋಣಿಕಟ್ಟೆಯ ಮೇಲೆ ನಿಲ್ಲಿಸಿ ಫೋಟೋ ತೆಗೆದಿದ್ದಳು. ಅದು ಪೇಡರ್‌ಗೆ ನೆನಪಿತ್ತು. ಕೊನೆಯ ಚಿತ್ರ ಆರಿದಾಗ ಅವನು, “ಅಕಾರ್ಡಿಯನ್ ಬರಲಿಲ್ಲವಲ್ಲ,” ಎಂದು ಟೊಪ್ಪಿಗೆ ಹಾಕಿಕೊಳ್ಳುವನು. “ಇರಲಿ. ಮುಂದಿನ ವಾರ.”

ಐಲಿಫ್ ಕಾಫಿ ಕಪ್ಪು ತೊಳೆಯಲು ಎದ್ದು ಹೋಗುವನು.

ಒಂದು ಸಂಜೆ ರಗ್ನಿ ಹೊಸ ಪೆಟ್ಟಿಗೆಯ ಮುಚ್ಚಳ ತೆಗೆದವಳು ಮೂಗು ಹತ್ತಿರ ತಂದಳು. “ನಿನ್ನ ದೋಣಿಮನೆಯಲ್ಲಿ ಕಾಫಿ ಕಾಯಿಸ್ತೀಯಾ?”

“ಒಮ್ಮೊಮ್ಮೆ.”

“ಏಲಕ್ಕಿ ಬನ್ನೂ ಸುಡ್ತೀಯಾ?”

“ಚಳಿ ಇರುತ್ತಲ್ಲ.”

ಅವಳು ಪೆಟ್ಟಿಗೆಯ ಮೂಲೆಯಿಂದ ಬನ್ನಿನ ಒಂದು ಚೂರನ್ನು ಬೆರಳ ತುದಿಗೆ ಅಂಟಿಸಿಕೊಂಡು, ಅವನ ಅಂಗೈ ತೆರೆಸಿ, ನಡುವೆ ಇಟ್ಟಳು. ಅಂಗೈಯನ್ನು ತಾನೇ ಮುಚ್ಚಿದಳು. ಮರುದಿನ ಫೆರಿಯಲ್ಲಿ ಅವನು ಎರಡು ಕಾರುಗಳನ್ನು ತಪ್ಪು ಸಾಲಿಗೆ ಬಿಟ್ಟ.

ಜೂನ್ ಹತ್ತಿರ ಬಂತು. ಒಂದು ಬೆಳಿಗ್ಗೆ ಪೇಡರ್‌ಗೆ ಉಸಿರು ಸಿಕ್ಕಿಕೊಂಡು ಆಚೆ ದಡದ ಆಸ್ಪತ್ರೆಗೆ ಹೊರಟ. ಫೆರಿಯ ಒಳಗಿನ ಬೆಂಚಿನ ಮೇಲೆ ಕಂಬಳಿ ಸುತ್ತಿ ಕೂರಿಸಿದ್ದರು. ಐಲಿಫ್ ಅವನಿಗೆ ನೀರು ತಂದುಕೊಟ್ಟ.

“ಐಲಿಫ್, ಇನ್ನೆಷ್ಟು ಪೆಟ್ಟಿಗೆ ಸಿಗಬಹುದೋ ನಿನ್ನ ದೋಣಿಮನೇಲಿ?”

“ಹುಡುಕ್ತಾ ಇದ್ದೀನಿ.”

“ಆತುರ ಇಲ್ಲ,” ಎಂದ ಪೇಡರ್. ಮೂರು ಸಲ ಉಸಿರೆಳೆದು ಮತ್ತೆ, “ಆತುರ ಇಲ್ಲ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ,” ಎಂದ.

ಪಾಳಿ ಮುಗಿದ ಕೂಡಲೇ ಐಲಿಫ್ ಬೂಟುಗಳನ್ನು ಸರಿಸಿ, ಬೆಂಚಿನ ಕೆಳಗಿದ್ದದ್ದನ್ನೆಲ್ಲ ಕೈಗಾಡಿಯಲ್ಲಿ ಹೇರಿ ಪ್ರಾರ್ಥನಾ ಮನೆಗೆ ತಂದ. ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟ. ರಗ್ನಿ ದೀಪ ಆರಿಸಿ ನೋಡಿದಳು.

“ಇಷ್ಟೂ ಇವತ್ತು ಸಿಕ್ತಾ?”

“ಇಲ್ಲ. ಮೊದಲ ದಿನದಿಂದಲೂ ಅಡುಗೆಮನೇಲಿದ್ವು, ಬೆಂಚಿನ ಕೆಳಗೆ, ಬೂಟಿನ ಹಿಂದೆ.”

“ಅಡುಗೆಮನೇಲಿದ್ವು ಅಂತ ನನಗೂ ಗೊತ್ತು. ಇನ್ನೊಂದೋ ಎರಡೋ ಇರಬಹುದು ಅಂದ್ಕೊಂಡಿದ್ದೆ. ನಾನೂ ಸುಮ್ಮನಿದ್ದೆ.” ಅವಳ ದನಿ ಏರಲಿಲ್ಲ. “ಪ್ರತಿ ಗುರುವಾರ ಬಂದು ಕೂತ್ಕೋತಿದ್ದ ಪೇಡರ್. ನಿನ್ನ ಬೆಂಚಿನ ಕೆಳಗೆ ಅವನ ತಮ್ಮ ಇದ್ದ, ಐಲಿಫ್.”

“ಹೌದು.”

“ಯಾಕೆ?”

“ಮುಗಿದ್ರೆ ನೀನು ಹೋಗ್ತೀಯ.”

ಹೊರಗೆ ಯಾರೋ ಹಬ್ಬದ ಬೆಂಕಿಗೆಂದು ಹಳೆಯ ಮೀನುಪೆಟ್ಟಿಗೆಗಳನ್ನು ಎಳೆದುಕೊಂಡು ಹೋಗುತ್ತಿದ್ದರು. ಆ ಸದ್ದು ದೂರವಾಯಿತು.

“ಅದನ್ನ ನನಗೆ ಹೇಳ್ಬೇಕಿತ್ತು. ಪೆಟ್ಟಿಗೆ ಬಚ್ಚಿಟ್ಟು ಅಲ್ಲ.” ದೀಪ ಮತ್ತೆ ಹಾಕಿ ಅವನಿಗೆ ಬೆನ್ನು ತಿರುಗಿಸಿದಳು. “ಹೋಗು, ಕೆಲಸ ಇದೆ.”

ಅವಳು ಬೆಳಗಿನಿಂದ ಸಂಜೆಯವರೆಗೆ ದುಡಿದಳು. ಅವನು ಬಾಗಿಲ ಬಳಿ ಮೀನುಸಾರು ಇಟ್ಟು ಹೋದರೆ ಪಾತ್ರೆ ತೊಳೆದು ಅಲ್ಲೇ ಇಡುತ್ತಿದ್ದಳು, ಮಾತಿಲ್ಲ. ತೊಳೆದ ಪಾತ್ರೆಯನ್ನು ಅವನು ಪ್ರತಿ ದಿನ ತಿರುಗಿಸಿ ನೋಡುವನು, ಅದರಲ್ಲಿ ಏನಾದರೂ ಉತ್ತರ ಇದೆಯೇನೋ ಎಂಬಂತೆ.

ಹಬ್ಬದ ಹಿಂದಿನ ಗುರುವಾರ ಪೇಡರ್ ಬಂದ. ಸೊರಗಿದ್ದ, ಆದರೆ ಕೋಟಿನ ಗುಂಡಿ ಎಲ್ಲ ಹಾಕಿಕೊಂಡಿದ್ದ. ರಗ್ನಿ ಕೊನೆಯ ಪೆಟ್ಟಿಗೆಯ ಚಿತ್ರಗಳನ್ನು ಹಾಕುವುದಾಗಿ ಹೇಳಿ, ಕಿಟಕಿಯ ಪರದೆ ಎಳೆದಳು.

ಮೊದಲನೆಯದೇ ಅದು. ದೋಣಿಕಟ್ಟೆ, ಅಕಾರ್ಡಿಯನ್‌ನ ಕೀಲಿಗಳ ಮೇಲೆ ಬಲಗೈ ಬೆರಳುಗಳನ್ನು ಹರಡಿ ನಿಂತ ಹುಡುಗ, ಅವನ ಹಿಂದೆ ಕೊಲ್ಲಿಯ ಎಡದಡದಲ್ಲಿ ಬಿಳಿಯ ಚರ್ಚು. ಗಾಳಿಗೆ ಕೂದಲು ಹಾರಿತ್ತು, ಮುಖ ಅಲುಗಿರಲಿಲ್ಲ.

ಬೋರ್ಗಿಲ್ಡ್ ಪೇಡರ್‌ನ ಮಂಡಿಯ ಮೇಲೆ ಕೈಯಿಟ್ಟಳು.

“ಆ ಷರ್ಟು ನಂದು,” ಎಂದ ಪೇಡರ್. “ಕೇಳದೆ ಹಾಕ್ಕೊಂಡಿದ್ದಾನೆ, ನೋಡು, ಕಳ್ಳ ನನ್ಮಗ.” ಆಮೇಲೆ ಕರವಸ್ತ್ರ ಹುಡುಕಿದ. ಮುಖ ಒರೆಸಿಕೊಂಡು, ತಿರುಗಿ ಐಲಿಫ್‌ನನ್ನು ನೋಡಿದ. “ಎಲ್ಲಿ ಸಿಕ್ತು?”

“ನನ್ನ ಅಡುಗೆಮನೇಲಿತ್ತು, ಪೇಡರ್. ಮೊದಲಿಂದಲೂ. ನಾನೇ ತಡ ಮಾಡಿದೆ.”

ಪೇಡರ್ ಅವನನ್ನು ನೋಡಿದ, ದೀಪದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ರಗ್ನಿಯನ್ನು ನೋಡಿದ. “ಹಾಲ್ವರ್ ಒಂದು ಹುಡುಗಿಗೋಸ್ಕರ ನನ್ನ ಷರ್ಟು ಕದ್ದ,” ಎಂದ. “ನೀನು ಹಾಲ್ವರ್‌ನನ್ನೇ ಕದ್ದೆ. ಕಾಫಿ ಹಾಕು. ಬಿಸಿಯಾಗಿರ್ಲಿ.”

ಮುಂದಿನ ಚಿತ್ರ ಬಂತು. ಅದರ ಮುಂದಿನದೂ ಬಂತು. ಬೋರ್ಗಿಲ್ಡ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ನನ್ನ ಕಣ್ಣು ಹೋಯ್ತೋ, ಇಲ್ಲ ಚರ್ಚು ಎದ್ದು ಆಚೆ ದಡಕ್ಕೆ ಹೋಗಿ ಕೂತಿದೆಯೋ?”

“ಪಾದ್ರಿ ಕಾಟ ತಡೀಲಾರ್ದೆ ಹೋಗಿರ್ಬೇಕು,” ಎಂದ ಪೇಡರ್.

ಎಲ್ಲರೂ ನಕ್ಕರು. “ತಿರುಗಿಸಿಲ್ಲ. ಸರಿ ಮಾಡ್ತೀನಿ,” ಎಂದಳು ರಗ್ನಿ ಅತ್ತ ನೋಡದೆ. ಆ ಪೆಟ್ಟಿಗೆಯ ಉಳಿದ ಚಿತ್ರಗಳಲ್ಲೆಲ್ಲ ಊರು ಹಾಗೆಯೇ ಮಗುಚಿಕೊಂಡಿತ್ತು. ಬಲಗೈಯಲ್ಲಿರಬೇಕಾದ ಮದುವೆಯ ಉಂಗುರಗಳು ಎಡಗೈಗೆ ಹೋಗಿದ್ದವು, ಗಂಡಸರ ಕೋಟಿನ ಗುಂಡಿಗಳು ಹೆಂಗಸರ ಬದಿಗೆ.

ಐಲಿಫ್ ಕಾಫಿಯ ಹೂಜಿ ಹಿಡಿದು ನಿಂತೇ ಇದ್ದ. ಹಾಲ್ವರ್‌ನ ಚಿತ್ರವೊಂದು ಮಾತ್ರ ಸರಿಯಿತ್ತು. ನಿಜಕ್ಕೂ ಮರೆತವಳಾಗಿದ್ದರೆ ಅದೊಂದನ್ನೂ ಮರೆಯುತ್ತಿದ್ದಳು.

ಮುದುಕರು ಹೋದ ಮೇಲೆ ಅವನು ಪರದೆ ಸರಿಸಿದ. ಅವಳು ಕೇಬಲ್ ಸುತ್ತುತ್ತಿದ್ದಳು, ಆಗಲೇ ಸುತ್ತಿ ಮುಗಿದಿದ್ದ ಕೇಬಲ್ ಅನ್ನು.

“ಎಲ್ಲ ತಿರುಗಿಸೋಕೆ ಎಷ್ಟು ದಿನ ಬೇಕು?”

“ಒಂದು ಗುಂಡಿ ಒತ್ತಿದ್ರೆ ಆಯ್ತು. ನೀನು ಆ ಕಪ್ಪುಗಳನ್ನ ತೊಳೆಯೋದ್ರೊಳಗೆ ಮುಗಿಯುತ್ತೆ.”

“ಮತ್ತೆ ಯಾಕೆ ಒತ್ತಲಿಲ್ಲ?”

ಅವಳು ಕೇಬಲ್ ಕೆಳಗಿಟ್ಟಳು. “ಪೇಡರ್‌ನ ತಮ್ಮನಿಗೆ ಒತ್ತಿದೆ. ಆಮೇಲೆ ಕೈ ಬರಲಿಲ್ಲ. ಎಲ್ಲ ತಿರುಗಿಸಿಬಿಟ್ರೆ ಮುಗೀತಲ್ಲ ಅನ್ನಿಸ್ತು. ನಿನ್ನ ಮೇಲೆ ಅಷ್ಟು ಕೋಪ ಇತ್ತು, ಆದ್ರೂ ಒತ್ತೋಕಾಗ್ಲಿಲ್ಲ.” ಕೆಳತುಟಿಯ ತುದಿ ಒಳಗೆ ಹೋಯಿತು. ಈ ಸಲ ನಗು ತಪ್ಪಿಸಿಕೊಂಡು ಹೊರಗೆ ಬಂತು. “ನೀನಾದ್ರೂ ಬೂಟು ಮುಂದಿಟ್ಟು ಬಚ್ಚಿಟ್ಟೆ. ನಾನು ಊರೆಲ್ಲ ನೋಡೋ ಹಾಗೆ ಗೋಡೆ ಮೇಲೆ ಬಿಟ್ಟೆ.”

ಅವನು ಹೂಜಿ ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯ ಮೇಲಿಟ್ಟ. ಅವಳ ಕೈಗಳನ್ನು, ಪ್ಲೇಟು ಹಿಡಿಯುವುದನ್ನು ಅವಳಿಂದಲೇ ಕಲಿತವನಂತೆ, ಅಂಚುಗಳಲ್ಲಷ್ಟೇ ಹಿಡಿದ.

“ಅದು ಗಾಜಲ್ಲ,” ಎಂದಳು ಅವಳು. “ಸರಿಯಾಗಿ ಹಿಡ್ಕೋ.”

ಕಪ್ಪುಗಳನ್ನು ಇಬ್ಬರೂ ಸೇರಿ ತೊಳೆದರು. ಅದಕ್ಕೆ ಮೊದಲು ಅವಳು ಗುಂಡಿ ಒತ್ತಿದಳು, ಚರ್ಚು ತನ್ನ ದಡಕ್ಕೆ ಮರಳಿತು. ಹಬ್ಬದ ಸಂಜೆ ಜಾಲತಾಣ ತೆರೆಯಿತು. ಊರವರು ಬೆಂಕಿಯ ಸುತ್ತ ನಿಂತು ಬೆಂಕಿ ನೋಡದೆ ಫೋನು ನೋಡಿದರು.

ಸೋಮವಾರದ ಫೆರಿಗೆ ಅವಳ ಕೆಂಪು ಕಾರು ಸಾಲಿನಲ್ಲಿತ್ತು. ಉತ್ತರದ ದ್ವೀಪದವರಿಗೆ ಕೊಟ್ಟ ಮಾತು ಮಾತೇ. ಐಲಿಫ್ ಕಿತ್ತಳೆ ತೋಳೆತ್ತಿ ಬಾ ಬಾ ಎಂದ. ಲಾರಿಯಿಂದ ಒಂದು ಮಾರು ಇರುವಾಗಲೇ, ಹಳೆಯ ನೆನಪಿನಿಂದ, ಅಂಗೈ ತೋರಿದ. ಕಾರು ನಿಲ್ಲಲಿಲ್ಲ. ಲಾರಿಗೆ ಗೇಣಷ್ಟೇ ಉಳಿಯುವವರೆಗೆ ಬಂದು ಗಕ್ಕನೆ ಬ್ರೇಕ್ ಹಾಕಿತು. ಹಿಂದೆ ಏನೂ ಜಾರಲಿಲ್ಲ. ಅವನು ಬಗ್ಗಿ ನೋಡಿದ. ಹಿಂದಿನ ಸೀಟಿನಲ್ಲಿ ಮಡಿಸಿಟ್ಟ ರಜಾಯಿ ಒಂದೇ.

“ಮೇಜೆಲ್ಲಿ?”

“ಪ್ರಾರ್ಥನಾ ಮನೇಲಿ. ಅವರ ಪೆಟ್ಟಿಗೆಗಳನ್ನ ಇಲ್ಲಿಗೇ ತಂದು ಮಾಡ್ತೀನಿ. ಕಚೇರಿಯವರು ಒಪ್ಪಿದ್ದಾರೆ.”

“ಎಷ್ಟು ದಿನದಲ್ಲಿ ತರ್ತೀಯಾ?”

“ಎಲ್ಲ ಒಂದೇ ಸಲ ತರ್ತೀನಿ,” ಎಂದಳು ರಗ್ನಿ. “ನಿನ್ನ ಹಾಗಲ್ಲ.”

ಹಿಂದಿನ ಕಾರಿನವನು ಹಾರ್ನ್ ಮಾಡಿದ. ಐಲಿಫ್ ತಿರುಗಿ ಅವನಿಗೆ ಅಂಗೈ ತೋರಿದ; ಅಲ್ಲೇ, ಒಂದು ಮಾರು ದೂರದಲ್ಲೇ ನಿಲ್ಲು ಎಂದು.